ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರು ಬಿಸಿಯಾಗಿ ಅಂಟಿಕೊಂಡಿದೆ, ಮತ್ತೆ ಬಳಸಬಹುದೇ?

ಪ್ರಶ್ನೆ: ತುಮಕೂರಿನ ಹಳೆಯ ಬಾಡಿಗೆ ಮನೆಯೊಂದರಲ್ಲಿದ್ದೇವೆ. ಹಾಲ್‌ಗೂ ಅಡುಗೆಮನೆಗೂ ಸೇರಿ ಇರುವುದು ಎರಡೇ ಪ್ಲಗ್ ಪಾಯಿಂಟ್. ಹಾಗಾಗಿ ಹತ್ತು ಮೀಟರ್ ವೈರಿನ ಎಕ್ಸ್‌ಟೆನ್ಷನ್ ಬಾಕ್ಸನ್ನು ವರ್ಷವಿಡೀ ಬಳಸುತ್ತೇವೆ. ವೈರು ಕಾಲಿಗೆ ಸಿಗುತ್ತದೆಂದು ಮಿಕ್ಕಿದ್ದನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಸೋಫಾ ಹಿಂದೆ ಇಟ್ಟಿದ್ದೆ. ಕಳೆದ ವಾರ ಗ್ಯಾಸ್ ಖಾಲಿಯಾಗಿ ಎರಡು ದಿನ 2000 ವಾಟ್‌ನ ಇಂಡಕ್ಷನ್ ಸ್ಟೌ ಇದಕ್ಕೇ ಹಾಕಿದೆವು. ಅದರ ಪಿನ್ ದಪ್ಪ ಇದ್ದುದರಿಂದ ಅಂಗಡಿಯಿಂದ ಕನ್ವರ್ಟರ್ ತಂದು ಸಿಕ್ಕಿಸಿದ್ದೆವು. ಎರಡನೇ ದಿನ ಸಾರು ಕುದಿಯುವಾಗ ಸುಟ್ಟ ವಾಸನೆ ಬಂತು. ನೋಡಿದರೆ ಸುರುಳಿಯೊಳಗಿನ ವೈರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಮಾತ್ರ ಬೀಳಲೇ ಇಲ್ಲ. ಬಿಡಿಸಿ ಟೇಪು ಸುತ್ತಿದರೆ ಆಯ್ತು ಎನ್ನುತ್ತಾರೆ ಅತ್ತೆಯವರು. ಬಳಸಬಹುದೇ? ಹೊಸದು ತರುವುದಾದರೆ ಎಂಥದ್ದು ತರಬೇಕು, ಹೇಗೆ ಎತ್ತಿಡಬೇಕು?

ಉತ್ತರ: ಬಳಸಬೇಡಿ ತಾಯಿ. ಬಿಡಿಸಿ, ಒರೆಸಿ, ಟೇಪು ಸುತ್ತಿ, ಬರೀ ಫೋನ್ ಚಾರ್ಜರ್‌ಗಾದರೂ ಇಟ್ಟುಕೊಳ್ಳೋಣ ಅನ್ನಿಸಬಹುದು, ಅದಕ್ಕೂ ಬೇಡ. ವಾಸನೆ ಬಂದ ಕೂಡಲೇ ಎದ್ದು ಹೋಗಿ ನೋಡಿದಿರಲ್ಲ, ಅದರಿಂದ ದೊಡ್ಡ ಅನಾಹುತ ತಪ್ಪಿದೆ. ಶಿವಮೊಗ್ಗದಲ್ಲಿ ಮೂವತ್ತೊಂದು ವರ್ಷದಿಂದ ಮನೆ ವೈರಿಂಗ್ ಮಾಡಿಸುತ್ತಿದ್ದೇನೆ. ನೀವು ಬರೆದಂಥ ಅಂಟಿಕೊಂಡ ಸುರುಳಿಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ಒಳಗೆ ಏನಾಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ವೈರಿನ ಮೇಲಿನ ಸಾಮಾನ್ಯ ಪಿವಿಸಿ ಹೊದಿಕೆಯನ್ನು 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ ತಾಳುವಂತೆ ಮಾಡಿರುತ್ತಾರೆ. ಹೊರಗಿನ ಹೊದಿಕೆ ಒಂದಕ್ಕೊಂದು ಅಂಟುವಷ್ಟು ಮೆತ್ತಗಾಗಿದೆ ಎಂದರೆ ತಾಮ್ರಕ್ಕೆ ಅಂಟಿಕೊಂಡೇ ಇರುವ ಒಳಗಿನ ಹೊದಿಕೆ ಅದಕ್ಕಿಂತ ಹೆಚ್ಚು ಬೆಂದಿರುತ್ತದೆ. ವೈರು ಬಾಗಿದ ಕಡೆ ತಾಮ್ರದ ಎಳೆಗಳು ಮೆತ್ತಗಾದ ಪ್ಲಾಸ್ಟಿಕ್ಕನ್ನು ಒತ್ತಿಕೊಂಡು ಒಂದು ಪಕ್ಕಕ್ಕೆ ಸರಿಯುತ್ತವೆ. ಆಮೇಲೆ ತಣ್ಣಗಾಗಿ ಗಟ್ಟಿಯಾದಾಗ ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಒಳಗೆ ಕರೆಂಟು ತರುವ ಫೇಸ್ ವೈರಿಗೂ ವಾಪಸು ಒಯ್ಯುವ ನ್ಯೂಟ್ರಲ್ ವೈರಿಗೂ ನಡುವೆ ಉಳಿದಿರುವುದು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪದರ. ಟೇಪು ಸುತ್ತುವುದು ಹೊರಗಡೆ, ಪೆಟ್ಟು ಬಿದ್ದಿರುವುದು ಒಳಗಡೆ. ಅತ್ತೆಯವರ ಕಾಲದಲ್ಲಿ ಮನೆಗೆ ಎರಡು ಬಲ್ಬು, ಒಂದು ರೇಡಿಯೋ ಇದ್ದಾಗ ಟೇಪು ಸುತ್ತಿದ ವೈರು ವರ್ಷಗಟ್ಟಲೆ ನಡೆದಿರುತ್ತದೆ. ಆ ಅನುಭವದಿಂದ ಅವರು ಹೇಳುತ್ತಿದ್ದಾರೆ. ಇಂಡಕ್ಷನ್ ಸ್ಟೌ ನೂರು ವಾಟ್‌ನ ಇಪ್ಪತ್ತು ಬಲ್ಬುಗಳಷ್ಟು ಕರೆಂಟು ಎಳೆಯುತ್ತದೆ ಎಂದು ಅವರಿಗೆ ನಿಧಾನವಾಗಿ ಹೇಳಿ.

ಈಗ ಬಿಸಿಯ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದೊಂದು ಮನಸ್ಸಿಗೆ ಹತ್ತಿದರೆ ಉಳಿದದ್ದನ್ನು ನೀವೇ ತೀರ್ಮಾನ ಮಾಡಬಲ್ಲಿರಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. 2000 ವಾಟ್‌ನ ಸ್ಟೌ ಎಳೆಯುವ ಕರೆಂಟು ಸುಮಾರು 8.7 ಆಂಪ್ಸ್. ಸಾಮಾನ್ಯ 6 ಆಂಪ್ಸ್ ಬಾಕ್ಸುಗಳಲ್ಲಿ ಇರುವ ವೈರು 0.75 ಚದರ ಮಿಲಿಮೀಟರ್ ದಪ್ಪದ್ದು. ಹತ್ತು ಮೀಟರ್ ವೈರಿನಲ್ಲಿ ಕರೆಂಟು ಹೋಗಿ ಬರುವ ದಾರಿ ಇಪ್ಪತ್ತು ಮೀಟರ್, ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಅರ್ಧ ಓಮ್‌ನಷ್ಟು. ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸ್‌ನಿಂದ ಗುಣಿಸಿದರೆ ವೈರಿನಲ್ಲೇ ಹುಟ್ಟುವ ಬಿಸಿ ಸಿಗುತ್ತದೆ: ಸುಮಾರು 39 ವಾಟ್.

ಹಳೆಯ 40 ವಾಟ್‌ನ ಗಾಜಿನ ಬಲ್ಬು ನೆನಪಿದೆಯಲ್ಲ? ಅರ್ಧ ಗಂಟೆ ಉರಿದ ಮೇಲೆ ಮುಟ್ಟಿದರೆ ಬೆರಳು ಚುರ್ ಎನ್ನುತ್ತಿತ್ತು. ಅಷ್ಟೇ ಬಿಸಿ ನಿಮ್ಮ ವೈರಿನಲ್ಲಿ ಹುಟ್ಟುತ್ತಿತ್ತು. ವೈರನ್ನು ನೆಲದ ಮೇಲೆ ಉದ್ದಕ್ಕೆ ಬಿಟ್ಟಿದ್ದರೆ ಮೀಟರಿಗೆ ನಾಲ್ಕು ವಾಟ್, ಅದು ಗಾಳಿಗೆ ಹೋಗುತ್ತಿತ್ತು, ಮುಟ್ಟಿದರೆ ಬೆಚ್ಚಗಿರುತ್ತಿತ್ತು ಅಷ್ಟೆ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು, ಸೋಫಾದ ಬಟ್ಟೆಗೂ ಗೋಡೆಗೂ ನಡುವೆ ತುರುಕಿದ್ದರಿಂದ ಆ ಬಲ್ಬನ್ನು ಕಂಬಳಿಯಲ್ಲಿ ಸುತ್ತಿಟ್ಟ ಹಾಗಾಯಿತು. ಮಧ್ಯದ ಸುತ್ತುಗಳ ಬಿಸಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ.

ಸುರುಳಿ ಸುತ್ತಿದರೆ ಅಯಸ್ಕಾಂತವಾಗಿ ಬಿಸಿಯಾಗುತ್ತದೆ ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ಒಂದೇ ಕೇಬಲ್ಲಿನೊಳಗೆ ಹೋಗುವ ಕರೆಂಟೂ ಬರುವ ಕರೆಂಟೂ ಅಕ್ಕಪಕ್ಕದಲ್ಲೇ ಇರುವುದರಿಂದ ಅವುಗಳ ಕಾಂತಶಕ್ತಿ ಒಂದನ್ನೊಂದು ರದ್ದು ಮಾಡಿಕೊಳ್ಳುತ್ತದೆ. ಬಿಸಿ ಹೊರಹೋಗದಿರುವುದೇ ಸಮಸ್ಯೆ.

ಅದೇ ಬಾಕ್ಸಿಗೆ 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಹಾಕಿದ್ದರೆ ವೈರಿನಲ್ಲಿ ಹುಟ್ಟುವ ಬಿಸಿ 10 ವಾಟ್ ಮಾತ್ರ. ಲೋಡು ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ಇಷ್ಟು ದಿನ ಏನೂ ಆಗಿರಲಿಲ್ಲ, ಎರಡೇ ದಿನದಲ್ಲಿ ಹೀಗಾಯಿತು ಎಂದು ಬರೆಯುವವರಿಗೆಲ್ಲ ನಾನು ಹೇಳುವುದು ಇದನ್ನೇ.

ಎಂಸಿಬಿ ಯಾಕೆ ಬೀಳಲಿಲ್ಲ? ಅದು ಕೆಟ್ಟಿಲ್ಲ. ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ ಅದನ್ನು ಹಾಕಿರುತ್ತಾರೆ. ಎಂಸಿಬಿಗಳನ್ನು ಕೂರಿಸಿರುವ ನಿಮ್ಮ ಡಿಬಿ ಬಾಕ್ಸ್ ತೆರೆದು ನೋಡಿ, ಆ ಎಂಸಿಬಿಯ ಮೇಲೆ ಸಿ16 ಎಂದು ಬರೆದಿದ್ದರೆ 16 ಆಂಪ್ಸ್‌ವರೆಗೆ ಅದು ಸುಮ್ಮನಿರುತ್ತದೆ, ಸುಮ್ಮನಿರಲೇಬೇಕು. 18 ಆಂಪ್ಸ್ ಹರಿದರೂ ಒಂದು ಗಂಟೆ ಬೀಳದೆ ಇರಬಹುದು. 23 ಆಂಪ್ಸ್ ದಾಟಿದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದು ಅದರ ಸ್ಟ್ಯಾಂಡರ್ಡ್‌ನಲ್ಲೇ ಇರುವ ಲೆಕ್ಕ. ಶಾರ್ಟ್ ಸರ್ಕ್ಯೂಟ್ ಆದರೆ ಮಾತ್ರ ಕಣ್ಣುಮುಚ್ಚಿ ತೆರೆಯುವುದರಲ್ಲಿ ಬೀಳುತ್ತದೆ. ಸೋಫಾ ಹಿಂದೆ ಇರುವ ತೆಳು ವೈರು 8.7 ಆಂಪ್ಸ್‌ಗೆ ಬೇಯುತ್ತಿದೆ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಆರ್‌ಸಿಸಿಬಿ, ಅಂದರೆ ಹಳಬರು ಇಎಲ್‌ಸಿಬಿ ಎನ್ನುವ ಸಾಧನಕ್ಕೂ ಇದು ಕಾಣಿಸುವುದಿಲ್ಲ. ಕರೆಂಟು ಮೈಗೋ ನೆಲಕ್ಕೋ ಸೋರಿದರೆ ಅದು ಹಿಡಿಯುತ್ತದೆ, ಬಿಸಿಯನ್ನು ಹಿಡಿಯುವುದಿಲ್ಲ. ಹಾಗಾಗಿ ಎಕ್ಸ್‌ಟೆನ್ಷನ್ ವೈರಿನ ಬಿಸಿಯನ್ನು ಪತ್ತೆಹಚ್ಚಲು ಮನೆಯಲ್ಲಿರುವುದು ನಿಮ್ಮ ಕೈ ಮತ್ತು ಮೂಗು. ಇದನ್ನು ಭಯಪಡಿಸಲು ಹೇಳುತ್ತಿಲ್ಲ. ಕೈ ಒಳ್ಳೆಯ ಸಾಧನ. ಎಲ್ಲಿ ಇಟ್ಟು ನೋಡಬೇಕೆಂದು ಗೊತ್ತಿರಬೇಕು.

ಎಲ್ಲಿ ಎಂದರೆ ಪ್ಲಗ್‌ನ ಮೇಲೆ. ಸುರುಳಿ ಬಿಟ್ಟರೆ ಬಿಸಿ ಹುಟ್ಟುವ ಇನ್ನೊಂದು ಜಾಗ ಪಿನ್ನು ಸಾಕೆಟ್ಟು ಸೇರುವ ಕಡೆ. ನಾನು ನೋಡಿದ ಸುಟ್ಟ ಬಾಕ್ಸುಗಳಲ್ಲಿ ಹೆಚ್ಚಿನವು ಸುಟ್ಟಿದ್ದು ಅಲ್ಲೇ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಫ್ರಿಜ್ಜು ಆಗಾಗ ನಿಲ್ಲುತ್ತದೆ, ಒಂದು ಗುದ್ದು ಹಾಕಿದರೆ ಶುರುವಾಗುತ್ತದೆ ಎಂದರು. ಫ್ರಿಜ್ಜಿಗೆ ಏನೂ ಆಗಿರಲಿಲ್ಲ. ಅದನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ದರು, ಆ ಬಾಕ್ಸಿನ ಪ್ಲಗ್ ಗೋಡೆಯ ಸಾಕೆಟ್ಟಿನಲ್ಲಿ ಅಲ್ಲಾಡುತ್ತಿತ್ತು. ಸ್ವಿಚ್ ಆರಿಸಿ ಕಿತ್ತೆ. ಎಡಗಡೆ ಪಿನ್ನು ಹಿತ್ತಾಳೆ ಬಣ್ಣದಲ್ಲೇ ಇತ್ತು. ಬಲಗಡೆಯದು ಬುಡದಲ್ಲಿ ಕಪ್ಪಾಗಿ, ಸುತ್ತಲಿನ ಬಿಳಿ ಪ್ಲಾಸ್ಟಿಕ್ಕು ಸುಟ್ಟ ದೋಸೆಯ ಅಂಚಿನಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಸ್ಕ್ರೂ ಕೆಳಗೆ ಸಿಕ್ಕಿಕೊಂಡಿದ್ದು ತಾಮ್ರದ ಐದಾರು ಎಳೆ ಮಾತ್ರ, ಉಳಿದವು ಪಕ್ಕದಲ್ಲಿ ಕೂದಲಿನಂತೆ ಹರಡಿಕೊಂಡಿದ್ದವು. ಇಡೀ ಫ್ರಿಜ್ಜಿನ ಕರೆಂಟು ಆ ಐದಾರು ಎಳೆಯ ಮೇಲೆ ನಡೆಯುತ್ತಿತ್ತು. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಹಗಲೂ ರಾತ್ರಿ ಅಷ್ಟಷ್ಟು ಹೊತ್ತಿಗೊಮ್ಮೆ ಆ ಜಾಗ ಸುಡುತ್ತಲೇ ಇತ್ತು. ಫ್ರಿಜ್ಜಿಗೆ ಗೋಡೆಯ ಸಾಕೆಟ್ಟೇ ಆಗಬೇಕು ಎಂದು ನಾನು ಹಟ ಹಿಡಿಯುವುದು ಆ ಪಿನ್ನನ್ನು ನೋಡಿದಾಗಿನಿಂದ.

ಹೀಗೆ ಪರೀಕ್ಷೆ ಮಾಡಿ. ಅರ್ಧ ಗಂಟೆ ಇಸ್ತ್ರಿ ಮಾಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್‌ನ ಪ್ಲಾಸ್ಟಿಕ್ ಭಾಗಕ್ಕೆ ಕೈಬೆರಳಿನ ಹಿಂಭಾಗ ತಾಗಿಸಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಟ್ಟುಕೊಂಡಿರಲು ಆಗದಷ್ಟು ಬಿಸಿಯಾಗಿದ್ದರೆ ಪ್ಲಗ್ ಅಥವಾ ಸಾಕೆಟ್ ಸಡಿಲವಾಗಿದೆ ಎಂದರ್ಥ. ಪಿನ್ನನ್ನು ಸ್ಕ್ರೂಡ್ರೈವರಿನಿಂದ ಅಗಲಿಸಿ ಬಿಗಿ ಮಾಡುವುದು ನಮ್ಮಲ್ಲಿ ರೂಢಿ. ನಾಲ್ಕು ದಿನ ನಡೆಯುತ್ತದೆ, ಮತ್ತೆ ಸಡಿಲವಾಗುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆ ಸ್ಪ್ರಿಂಗ್ ಒಮ್ಮೆ ಬಿಸಿಯಲ್ಲಿ ಬಿಗಿ ಕಳೆದುಕೊಂಡರೆ ಅದು ವಾಪಸು ಬರುವುದಿಲ್ಲ. ಸಾಕೆಟ್ಟನ್ನೇ ಬದಲಿಸಿ.

ನೀವು ತಂದ ಕನ್ವರ್ಟರ್ ಬಗ್ಗೆ ಹೇಳಲೇಬೇಕು. ಸ್ಟೌ ಮಾಡಿದವರು ದಪ್ಪ ಪಿನ್ನು ಕೊಟ್ಟಿರುವುದು ಅದು 6 ಆಂಪ್ಸ್ ಸಾಕೆಟ್ಟಿಗೆ ಹೋಗಬಾರದು ಎಂದೇ. 6 ಆಂಪ್ಸ್ ಸಾಕೆಟ್ಟು ತಾಳುವುದು 1380 ವಾಟ್, ದಪ್ಪ ಪಿನ್ನಿನ 16 ಆಂಪ್ಸ್ ಸಾಕೆಟ್ಟು 3680 ವಾಟ್. ಕನ್ವರ್ಟರ್ ಆ ತಡೆಯನ್ನು ತೆಗೆದುಹಾಕುತ್ತದೆ, ಸಾಕೆಟ್ಟಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಮನೆಯಲ್ಲಿ ಇಂಥ ಕನ್ವರ್ಟರ್ ಇದ್ದರೆ ದಯವಿಟ್ಟು ಇಟ್ಟುಕೊಳ್ಳಬೇಡಿ. ಕಣ್ಣೆದುರು ಇದ್ದರೆ ಮುಂದಿನ ಸಲ ಗ್ಯಾಸ್ ಖಾಲಿಯಾದಾಗ ಕೈ ಅದರತ್ತಲೇ ಹೋಗುತ್ತದೆ.

ಹಾಗಾದರೆ ಎಕ್ಸ್‌ಟೆನ್ಷನ್ ಬಾಕ್ಸಿಗೆ ಏನು ಹಾಕಬಹುದು? ಬಿಸಿ ಮಾಡುವುದೇ ಕೆಲಸವಾಗಿರುವ ಸಾಮಾನನ್ನು ದೂರ ಇಡಿ: ಇಂಡಕ್ಷನ್, ಕೆಟಲ್, ರೂಮ್ ಹೀಟರ್, ಗೀಸರ್. ಇಸ್ತ್ರಿ ಪೆಟ್ಟಿಗೆ ಹಾಕಲೇಬೇಕಾದರೆ ಅದೊಂದನ್ನೇ ಹಾಕಿ, ವೈರನ್ನು ಪೂರ್ತಿ ಬಿಡಿಸಿ ಹಾಕಿ. ಟಿವಿ, ಲ್ಯಾಪ್‌ಟಾಪು, ಫೋನು, ವೈಫೈ, ಟೇಬಲ್ ಫ್ಯಾನು ಇವೆಲ್ಲ ಒಟ್ಟಿಗೆ ಹಾಕಿದರೂ ಸಾಮಾನ್ಯವಾಗಿ 300 ವಾಟ್ ಒಳಗೇ ಇರುತ್ತದೆ, ತೊಂದರೆಯಿಲ್ಲ. ಬಾಕ್ಸಿನಲ್ಲಿ ಆರು ಸಾಕೆಟ್ಟಿದ್ದರೂ ಎಲ್ಲವೂ ಸೇರಿ 1380 ವಾಟ್‌ಗೆ ಹಕ್ಕು, ಒಂದೊಂದಕ್ಕೆ ಅಷ್ಟಲ್ಲ. ಒಂದು ಬಾಕ್ಸಿಗೆ ಇನ್ನೊಂದು ಬಾಕ್ಸು ಸಿಕ್ಕಿಸಿದರೆ ಜಾಗ ಹೆಚ್ಚುತ್ತದೆ, ಮೊದಲನೇ ವೈರಿನ ಶಕ್ತಿ ಹೆಚ್ಚುವುದಿಲ್ಲ. ಸ್ಪೈಕ್ ಬಸ್ಟರ್ ಎಂದು ಬರೆದಿದ್ದರೆ ಹೆಚ್ಚು ಲೋಡ್ ತಾಳುತ್ತದೆ ಎಂದುಕೊಳ್ಳುವುದೂ ತಪ್ಪು. ಅದು ವೋಲ್ಟೇಜಿನ ದಿಢೀರ್ ಏರಿಕೆಯನ್ನು ಹೀರುವ ಸಾಧನ ಅಷ್ಟೆ.

ಒಂದು ವಿಷಯವನ್ನು ಮಾತ್ರ ಗಟ್ಟಿ ದನಿಯಲ್ಲಿ ಹೇಳುತ್ತೇನೆ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡನ್ನು ಎಕ್ಸ್‌ಟೆನ್ಷನ್ ಎಳೆದು ಬಚ್ಚಲುಮನೆಯಲ್ಲಿ ಹಾಕಬೇಡಿ, ಒಂದು ದಿನಕ್ಕೂ ಬೇಡ. ಒದ್ದೆ ನೆಲ, ಒದ್ದೆ ಕೈ, ನೆಲದ ಮೇಲೆ ಬಾಕ್ಸು. ಅಲ್ಲಿ ಎರಡನೇ ಅವಕಾಶ ಸಿಗುವುದಿಲ್ಲ. ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿಕೊಳ್ಳಿ.

ಹೊಸದು ಕೊಳ್ಳುವಾಗ ಬಾಕ್ಸಿನ ಬಣ್ಣ, ಯುಎಸ್‌ಬಿ, ಲೈಟು ಇವನ್ನು ಆಮೇಲೆ ನೋಡಿ. ಮೊದಲು ವೈರನ್ನು ಕೈಗೆತ್ತಿಕೊಂಡು ಅದರ ಮೈಮೇಲಿನ ಅಕ್ಷರ ಓದಿ. ಒಳ್ಳೆಯ ವೈರಿನ ಮೇಲೆ ಎಷ್ಟು ಕೋರ್ (ಒಳಗಿನ ಬಿಡಿ ವೈರು), ಎಷ್ಟು ಚದರ ಮಿಲಿಮೀಟರ್ ಎಂದು ಅಚ್ಚು ಹಾಕಿರುತ್ತಾರೆ. ನಿಮಗೆ ಬೇಕಾದದ್ದು ಮೂರು ಕೋರ್, 1.5 ಚದರ ಮಿಲಿಮೀಟರ್. ಅಂಗಡಿಯಲ್ಲಿ ‘ಒನ್ ಪಾಯಿಂಟ್ ಫೈವ್’ ಎಂದರೆ ಸಾಕು. ಅದೇ ಲೋಡಿಗೆ ಇದರಲ್ಲಿ ಹುಟ್ಟುವ ಬಿಸಿ 0.75ರ ವೈರಿನ ಅರ್ಧ. ವೈರಿಗೆ ಐಎಸ್ 694, ಪ್ಲಗ್ಗು ಸಾಕೆಟ್ಟಿಗೆ ಐಎಸ್ 1293 ಎಂಬ ಭಾರತೀಯ ಮಾನಕಗಳಿವೆ. ಐಎಸ್‌ಐ ಗುರುತಿನ ಕೆಳಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ, ಅಂಗಡಿಯಲ್ಲಿ ನಿಂತೇ ನೋಡಬಹುದು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರುಗಳೂ ಮಾರುಕಟ್ಟೆಯಲ್ಲಿವೆ, ಅವು ಬೇಡ. ಉದ್ದ ಎಷ್ಟು ಬೇಕೋ ಅಷ್ಟೇ ತನ್ನಿ. ನಿಮ್ಮ ಹಾಲ್‌ಗೆ ಮೂರು ಮೀಟರ್ ಸಾಕಾಗುವುದಾದರೆ ಹತ್ತು ಮೀಟರ್ ತರುವುದರಿಂದಲೇ ಸುರುಳಿಯ ತಾಪತ್ರಯ ಶುರುವಾಗುತ್ತದೆ.

ಮೂರು ಪಿನ್ನಿನ ಪ್ಲಗ್ಗೇ ಇರಲಿ. ಮೇಲಿನ ಅರ್ತಿಂಗ್ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ ಇರುವುದಕ್ಕೆ ಕಾರಣವಿದೆ: ಸಿಕ್ಕಿಸುವಾಗ ಮೊದಲು ಅದು ತಾಗಬೇಕು, ಕೀಳುವಾಗ ಕೊನೆಗೆ ಅದು ಬಿಡಬೇಕು, ಮತ್ತು ಅದು ತಪ್ಪಿಯೂ ಫೇಸ್ ತೂತಿಗೆ ಹೋಗಬಾರದು. ಆ ಪಿನ್ನನ್ನು ಕತ್ತರಿಸಿ ಎರಡು ಪಿನ್ ಮಾಡಿಕೊಂಡವರನ್ನು ನೋಡಿದ್ದೇನೆ. ಇಸ್ತ್ರಿ ಪೆಟ್ಟಿಗೆಯ ಲೋಹದ ಮೈಗೆ ಕರೆಂಟು ತಾಗಿದ ದಿನ ಕಾಪಾಡುವುದು ಅದೇ.

ಇನ್ನು ಎತ್ತಿಡುವ ಕ್ರಮ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಹಿಡಿದು ಕೀಳಿ. ವೈರು ಹಿಡಿದು ಎಳೆದರೆ ಆ ಸ್ಕ್ರೂ ಕೆಳಗಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ವೈರು ಬಿಸಿಯಿದ್ದರೆ ತಣ್ಣಗಾಗಲು ಬಿಡಿ, ಒಣಬಟ್ಟೆಯಲ್ಲಿ ಒರೆಸಿ. ಒರೆಸುವಾಗಲೇ ಇಡೀ ಉದ್ದ ಬೆರಳ ನಡುವೆ ಹಾಯಿಸಿ. ಸೀಳು, ಜಿಗುಟು, ಅಕ್ಕಪಕ್ಕದಲ್ಲಿ ಎರಡು ಸಣ್ಣ ಗುಳಿ ಸಿಕ್ಕರೆ ಅಲ್ಲಿ ನಿಲ್ಲಿ. ಆ ಗುಳಿಗಳು ಇಲಿಯ ಹಲ್ಲು. ಮಲೆನಾಡಿನ ಅಟ್ಟಗಳಲ್ಲಿ ಇಟ್ಟ ವೈರುಗಳಲ್ಲಿ ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಂಗೈಗೂ ಮೊಣಕೈಗೂ ನಡುವೆ ಬಿಗಿಯಾಗಿ ಸುತ್ತುವುದು ನಮಗೆಲ್ಲ ರೂಢಿ. ಹಾಗೆ ಸುತ್ತಿದರೆ ಪ್ರತಿ ಸುತ್ತಿಗೂ ವೈರಿನೊಳಗೆ ಒಂದು ತಿರುಚು ಸೇರುತ್ತದೆ, ಬಿಡಿಸಿದಾಗ ಅದೇ ಹಾವಿನಂತೆ ಸುಳಿದು ಗಂಟಾಗುತ್ತದೆ. ಜಾತ್ರೆಯಲ್ಲಿ ಮೈಕ್ ಸೆಟ್‌ನವರು ವೈರು ಸುತ್ತುವುದನ್ನು ಗಮನಿಸಿ. ಎಡಗೈಯಲ್ಲಿ ತುದಿ ಹಿಡಿದು, ಮೊರದಷ್ಟು ಅಗಲದ ಒಂದು ಸುತ್ತನ್ನು ಮಾಮೂಲಿನಂತೆ ತರುತ್ತಾರೆ. ಮುಂದಿನ ಸುತ್ತಿಗೆ ಬಲಗೈ ಮಣಿಕಟ್ಟನ್ನು ಒಳಕ್ಕೆ ತಿರುಗಿಸಿ ಹಿಂದಿನಿಂದ ತರುತ್ತಾರೆ. ಒಂದು ಸುತ್ತಿನ ತಿರುಚನ್ನು ಇನ್ನೊಂದು ಬಿಚ್ಚುತ್ತದೆ. ಎರಡು ದಿನ ಕೈ ತಡವರಿಸುತ್ತದೆ, ಆಮೇಲೆ ತಾನಾಗಿ ಬರುತ್ತದೆ. ಸುತ್ತಿದ್ದನ್ನು ಹಳೆಯ ಸೀರೆಯ ಅಂಚಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡು ಬೇಸಿಗೆಯಲ್ಲಿ ಕರಗಿ ವೈರಿಗೆ ಅಂಟುತ್ತದೆ. ಮೊಳೆಗೆ ನೇತುಹಾಕಬೇಡಿ, ಭಾರವೆಲ್ಲ ಆ ಒಂದೇ ಬಿಂದುವಿನ ಮೇಲೆ ಬಿದ್ದು ಅಲ್ಲೇ ಮುರಿದುಕೊಳ್ಳುತ್ತದೆ. ದಪ್ಪ ಮರದ ಗೂಟ ಒಳ್ಳೆಯದು. ಒಲೆಯ ಮೇಲಿನ ಶೆಲ್ಫು, ಬಿಸಿಲು ಬೀಳುವ ಬಾಲ್ಕನಿ, ತೇವ ಹಿಡಿಯುವ ನೆಲ ಬೇಡ. ಬೀರುವಿನ ಪಕ್ಕ, ಎದೆಯೆತ್ತರದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇರಲಿ.

ಮತ್ತೆ ತೆಗೆದು ಹಾಕುವಾಗ, ಎಷ್ಟೇ ಸಣ್ಣ ಕೆಲಸವಿದ್ದರೂ, ಪೂರ್ತಿ ಬಿಡಿಸಿ. ಚಾಪೆ, ಕಾರ್ಪೆಟ್ಟು, ಹಾಸಿಗೆಯ ಕೆಳಗೆ ಹಾಯಿಸಬೇಡಿ, ಬಾಗಿಲ ಸಂದಿಯಲ್ಲಿ ಸಿಕ್ಕಿಸಬೇಡಿ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಬಾಕ್ಸು ನೆಲದ ಮೇಲೆ ಇರಲೇಬಾರದು. ನೆಲ ಒರೆಸುವ ಮೊದಲು ಕಿತ್ತಿಡಿ. ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ಟಿಗೆಂದು ಹೊರಗೆ ಎಳೆಯುವವರು, ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಮಾತ್ರ ಎಳೆಯಿರಿ, ಮಳೆ ಬಂದರೆ ಒಳಗಿನ ಸ್ವಿಚ್ ಆರಿಸಿದ ಮೇಲೆಯೇ ಮುಟ್ಟಿ.

ಅಷ್ಟರ ಮೇಲೂ ಹೊಗೆ ಕಂಡರೆ ಬಾಕ್ಸಿನ ಹತ್ತಿರ ಕೈ ಹಾಕದೆ ಮೇನ್ ಸ್ವಿಚ್ ಇಳಿಸಿ. ನೀರು ಎರಚಬೇಡಿ. ಪಿವಿಸಿ ಹೊಗೆ ಕಣ್ಣು ಗಂಟಲು ಉರಿಸುತ್ತದೆ, ಮಕ್ಕಳನ್ನೂ ಅತ್ತೆಯವರನ್ನೂ ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡಿ.

ಕೊನೆಯದಾಗಿ ನಿಮ್ಮ ಮನೆಯ ಮೂಲ ತೊಂದರೆ. ವರ್ಷವಿಡೀ ಒಂದೇ ಜಾಗದಲ್ಲಿ ಎಕ್ಸ್‌ಟೆನ್ಷನ್ ಬೇಕಾಗುತ್ತಿದೆ ಎಂದರೆ ಅಲ್ಲಿ ಒಂದು ಪಾಯಿಂಟ್ ಬೇಕು. ಮನೆಯ ಮಾಲೀಕರನ್ನು ಕೇಳಿ: ಅಡುಗೆಮನೆಗೆ ಒಂದು 16 ಆಂಪ್ಸ್ ಪವರ್ ಪಾಯಿಂಟ್, ಡಿಬಿಯಿಂದ ನೇರವಾಗಿ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಅದಕ್ಕೇ ಬೇರೆ ಎಂಸಿಬಿ, ಅರ್ತಿಂಗ್ ಸಮೇತ. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವವರಿಂದಲೇ ಮಾಡಿಸಲಿ. ಕೇಳುವಾಗ ಆ ಅಂಟಿಕೊಂಡ ಸುರುಳಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಸುಟ್ಟಿದ್ದರೆ ಅವರ ಮನೆಯೂ ಸುಡುತ್ತಿತ್ತು, ಅದನ್ನು ನೋಡಿದ ಮೇಲೆ ಇಲ್ಲ ಎನ್ನುವ ಮಾಲೀಕರು ಕಡಿಮೆ. ತೋರಿಸಿ ಬಂದ ಮೇಲೆ ಅದರ ಪ್ಲಗ್ಗನ್ನು ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ. ಹಾಗೇ ಗುಜರಿಗೆ ಕೊಟ್ಟರೆ ಯಾರೋ ಒರೆಸಿ, ಟೇಪು ಸುತ್ತಿ, ಮತ್ತೊಂದು ಮನೆಯಲ್ಲಿ ಸಿಕ್ಕಿಸುತ್ತಾರೆ.